ಅತ್ತೆಯ ಹೆಸರಿನ ರಾಣಿ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಮುದುಕಿಗೆ ಮರೆವು ಬಂದಿದೆ ಎಂದು ಮೂಗು ಮುರಿದೀರಿ, ಜೋಕೆ. ನನಗೆ ಎಲ್ಲ ನೆನಪಿದೆ. ಅಂದು ಯಾರ ಸೀರೆಗೆ ಯಾವ ಬಣ್ಣದ ಅಂಚಿತ್ತು ಎಂಬುದೂ ನೆನಪಿದೆ. ಹೆಸರು ಹೇಳದಿರುವುದು ನನಗೆ ಮದುವೆಯ ದಿನವೇ ಅಂಟಿಕೊಂಡ ಅಭ್ಯಾಸ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ, ಮಾವನ ಹೆಸರು ಹೇಳಿದರೆ ಮನೆಯ ಮಾನ ಹೋಗುತ್ತದೆ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಅತ್ತೆಯ ಹೆಸರು ಹೇಳಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿ ಬದುಕಿ ಉಳಿದವಳನ್ನು ಯಾರೂ ನೋಡಿರಲಿಲ್ಲ, ಅದಕ್ಕೆ.

ಇದು ನಮ್ಮ ವಂಶದಲ್ಲೇ ಬಂದದ್ದು. ನಮ್ಮಜ್ಜಿಯ ಗಂಡನಿಗೂ ಊರ ಬೆಟ್ಟದ ದೇವರಿಗೂ ಒಂದೇ ಹೆಸರು. ಪಾಪ, ಅಜ್ಜಿ ಜೀವಮಾನವಿಡೀ "ಬೆಟ್ಟದ ಮೇಲಿರೋನೇ, ಕಾಪಾಡಪ್ಪಾ" ಎಂದೇ ಕೈಮುಗಿದಳು. ನಾನೇನು ಕಡಿಮೆಯೇ? ಮದುವೆಯಾದ ಹೊಸತರಲ್ಲಿ ವೋಟಿಗೆ ಹೆಸರು ಬರೆದುಕೊಳ್ಳಲು ಬಂದ ಗುಮಾಸ್ತ "ಯಜಮಾನರ ಹೆಸರೇನಮ್ಮ?" ಎಂದು ಕೇಳಿದ. ನಾನು ಬಾಯಿ ಬಿಡದೆ ನಮ್ಮ ಅಂಗಡಿಯ ಬೋರ್ಡಿನತ್ತ ಬೆರಳು ತೋರಿಸಿದೆ. ಆತ ಬೋರ್ಡು ಓದಿ, ಬರೆದುಕೊಂಡು, ಹೊರಟುಹೋದ. ಬೋರ್ಡಿನ ಮೇಲಿದ್ದದ್ದು ತೀರಿಹೋದ ನಮ್ಮ ಮಾವನವರ ಹೆಸರು. ಹೀಗೆ ಸರ್ಕಾರದ ಲೆಕ್ಕದಲ್ಲಿ ನಾನು ಕೆಲವು ಕಾಲ ನನ್ನ ಅತ್ತೆಗೇ ಸವತಿಯಾಗಿದ್ದೆ.

ಕೊಡಗು ಆಗ ಬೇರೆಯೇ ರಾಜ್ಯ. ಅಂಗೈಯಗಲದ ನಾಡು, ಅದಕ್ಕೊಂದು ಸರ್ಕಾರ, ಅದಕ್ಕೆ ಮಂತ್ರಿಗಳು. ಹಾದಿಯಲ್ಲಿ ಮಂತ್ರಿ ಎದುರಾದರೆ "ಊಟ ಆಯ್ತಾ?" ಎಂದು ಕೇಳಬಹುದಿತ್ತು. ನಾನು ಹುಟ್ಟಿದ್ದು ಕುಶಾಲನಗರದ ಪಕ್ಕದ ಹಳ್ಳಿಯಲ್ಲಿ. ಕುಶಾಲನಗರವನ್ನು ಆಗಿನ್ನೂ ಫ್ರೇಸರ್‌ಪೇಟೆ ಎನ್ನುವವರೇ ಹೆಚ್ಚು. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ಬೇಸಾಯ ಹೂಡಿದವನು. ನಾನು ಸೊಸೆಯಾಗಿ ಸೇರಿದ್ದು ಸಿದ್ದಾಪುರದ ಒಂದು ಜವಳಿ ಅಂಗಡಿಯ ಮನೆಗೆ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು.

ಮಾವ ಹೋದ ಮೇಲೆ ಅಂಗಡಿಯಲ್ಲಿ ಕುಳಿತವರು ನಮ್ಮತ್ತೆ. ಆ ಬೀದಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮೊದಲ ಹೆಂಗಸು. ಎಸ್ಟೇಟಿನ ಕೂಲಿ ಲೈನುಗಳಿಂದ ಸೀರೆ ಕೊಳ್ಳಲು ಬರುವ ಹೆಂಗಸರ ಹತ್ತಿರ ತಮಿಳಿನಲ್ಲಿ ಚೌಕಾಸಿ, ಮೆಣಸಿನ ವ್ಯಾಪಾರಿಗಳ ಹತ್ತಿರ ಮಲಯಾಳದಲ್ಲಿ ಜಗಳ, ಮಗನ ಹತ್ತಿರ ಕನ್ನಡ, ನನ್ನ ಹತ್ತಿರ ಬರೀ ಕಣ್ಣು. ಆ ಕಣ್ಣಿಗೆ ಹೆದರದವರು ಊರಿನಲ್ಲೇ ಇರಲಿಲ್ಲ. ಎಲ್ಲರೂ ಅವರನ್ನು 'ಅಂಗಡಿ ಅಮ್ಮ' ಎನ್ನುತ್ತಿದ್ದರು. ಅವರು ನನ್ನನ್ನು 'ಹುಡ್ಗಿ' ಎನ್ನುತ್ತಿದ್ದರು. ನನ್ನ ಯಜಮಾನರು 'ಏಯ್ ಇವ್ಳೇ' ಎನ್ನುತ್ತಿದ್ದರು, ನಾನು ಅವರನ್ನು 'ರೀ' ಎನ್ನುತ್ತಿದ್ದೆ. ನನ್ನ ಹೆಸರು ಲಗ್ನಪತ್ರಿಕೆಯಲ್ಲೇ ಉಳಿಯಿತು, ಸಂಸಾರಕ್ಕೇನೂ ಕುಂದು ಬರಲಿಲ್ಲ.

ಅತ್ತೆಗೂ ಒಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಹಂಡೆಯಿಂದ. ಅವರ ತವರಿನವರು ಮದುವೆಗೆ ಕೊಟ್ಟ ತಾಮ್ರದ ಹಂಡೆ, ಅದರ ಕುತ್ತಿಗೆಯ ಮೇಲೆ ಹೆಸರು ಕೊರೆಸಿದ್ದರು. ಹಬ್ಬ ಬಂದರೆ ಹುಣಸೆಹಣ್ಣು ಹಚ್ಚಿ ಅದನ್ನು ಉಜ್ಜುವುದು ನನ್ನ ಕೆಲಸ. ಉಜ್ಜಿದಂತೆಲ್ಲ ಅತ್ತೆಯ ಹೆಸರು ಫಳಫಳ ಹೊಳೆಯುತ್ತಿತ್ತು. ಓದಬಹುದು, ಹೇಳಬಾರದು.

ನನ್ನ ತವರಿನಿಂದ ಬಂದದ್ದು ಒಂದು ಹಾರ್ಮೋನಿಯಂ. ನನಗೆ ಹಾಡೆಂದರೆ ಪ್ರಾಣ. ಕೊಚ್ಚಿಕೊಳ್ಳುತ್ತಿಲ್ಲ, ನಿಜ ಹೇಳುತ್ತಿದ್ದೇನೆ, ನನ್ನ ಗಂಟಲು ಆಗ ಚೆನ್ನಾಗಿತ್ತು. ಆದರೆ ಬಂದ ವಾರದಲ್ಲೇ ಅತ್ತೆ, "ಅಂಗಡಿ ಮನೇಲಿ ಇದೆಲ್ಲ ಬ್ಯಾಡ. ಗಿರಾಕಿಗಳು ಒಳಗೆ ಬಗ್ಗಿ ನೋಡ್ತಾರೆ" ಎಂದು ಅದನ್ನು ಅಟ್ಟಕ್ಕೆ ಏರಿಸಿದರು. ಸಿಟ್ಟು ಬಂತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಹೊಸ ಸೊಸೆಯ ಕೋಪ ಯಾರಿಗೆ ಬೇಕು? ರುಬ್ಬುವ ಕಲ್ಲಿನ ಮೇಲೆ ತೀರಿಸಿಕೊಂಡೆ. ಆ ವರ್ಷ ನಮ್ಮ ಮನೆಯ ದೋಸೆ ಬಹಳ ಮೆತ್ತಗಿತ್ತು.

ಹೀಗಿರುವಾಗ ನಮ್ಮ ಹಿತ್ತಲ ಕೋಣೆಗೆ ಮೈಸೂರಿನ ಒಬ್ಬ ಟೀಚರಮ್ಮ ಬಾಡಿಗೆಗೆ ಬಂದರು. ಹುಡುಗಿಯರಿಗೆ ಸಂಗೀತ ಹೇಳಿಕೊಡುವವರು. ಯಾವುದೋ ಎಸ್ಟೇಟಿನ ಬಂಗಲೆಯಲ್ಲಿ ದೊರೆಸಾನಿಯೊಬ್ಬಳು ಅವರಿಗೆ ಗ್ರಾಮಫೋನು ಹಾಕಿ ಕೇಳಿಸಿದ್ದಳಂತೆ. ಅಂದಿನಿಂದ ಅವರಿಗೆ ಹುಚ್ಚು ಹಿಡಿಯಿತು.

"ಒಪೆರಾ ಅಂತಾರಮ್ಮ ಅದಕ್ಕೆ. ನಾಟಕ, ಆದರೆ ಮಾತೇ ಇಲ್ಲ. ಬಾಗಿಲು ಹಾಕು ಅನ್ನೋದನ್ನೂ ಹಾಡಿಯೇ ಹೇಳೋದು," ಎಂದರು.

"ಹಾಡಿ ಮುಗಿಸೋ ಹೊತ್ತಿಗೆ ನಾಯಿ ಒಳಗೆ ಬಂದಿರುತ್ತೆ," ಎಂದೆ.

ಅವರು ನಗಲಿಲ್ಲ. ದೊಡ್ಡ ಒಪೆರಾಕ್ಕೆ ದೊಡ್ಡ ರಂಗಮಂದಿರ ಬೇಕಂತೆ, ಚಿಕ್ಕದಕ್ಕೆ ಒಂದು ಕೋಣೆ, ನಾಲ್ಕು ಗಂಟಲು ಸಾಕಂತೆ. ಕನ್ನಡದಲ್ಲಿ ಅಂಥದ್ದೊಂದನ್ನು ಅವರೇ ಕಟ್ಟಿದ್ದರು. ಇತಿಹಾಸದಲ್ಲಿ ಎಲ್ಲರಿಗಿಂತ ಮೊದಲು ಹೊಸಿಲು ದಾಟಿದ ಹೆಂಗಸರ ಕಥೆ. ಹೆಣ್ಣುಮಕ್ಕಳಿಗೆ ಮೊದಲು ಶಾಲೆ ತೆರೆದಾಕೆ ಒಬ್ಬಳು, ಮೊದಲು ಡಾಕ್ಟರಿಕೆ ಓದಿದವಳು ಒಬ್ಬಳು, ಅರಮನೆ ಬಿಟ್ಟು ಹೊರಟ ಶರಣೆ ಒಬ್ಬಳು, ಗಂಡ ಸತ್ತ ಮೇಲೆ ತಾನೇ ಕೋಟೆ ಕಾಯ್ದ ರಾಣಿ ಒಬ್ಬಳು. ಮಹಿಳಾ ಸಮಾಜದ ಕೋಣೆಯಲ್ಲಿ ಆಡುವುದು. ಆ ಕೋಣೆ ಹಿಂದೆ ಕಾಫಿ ಗೋದಾಮಾಗಿತ್ತು, ಬಾಗಿಲು ತೆಗೆದರೆ ಹಳೇ ಕಾಫಿಹಣ್ಣಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಶಾಲೆಯವಳ ಪಾತ್ರ ಸಮಾಜದ ಅಧ್ಯಕ್ಷೆಗೆ. ಅವರು ತೋಟದ ಮನೆಯ ಕೊಡವ ಹೆಂಗಸು, ತಾವೇ ಜೀಪು ಓಡಿಸಿಕೊಂಡು ಬರುತ್ತಿದ್ದರು, ನಮಗೆಲ್ಲ 'ಅಕ್ಕ'. ಡಾಕ್ಟರ ಪಾತ್ರ ಹೊಳೆಯಾಚೆ ನೆಲ್ಯಹುದಿಕೇರಿಯಿಂದ ಬರುವ ಮಲಯಾಳಿ ನರ್ಸಿಗೆ, ಅವರು ನಮಗೆ 'ಸಿಸ್ಟರ್'. ಶರಣೆ ಟೀಚರಮ್ಮ ತಾವೇ. ರಾಣಿ ಮಾತ್ರ ಉಳಿದಿದ್ದಳು, ಅವಳ ಹಾಡು ಮೇಲಿನ ಷಡ್ಜಕ್ಕೆ ಏರಿ ನಿಲ್ಲಬೇಕು. ಹಿತ್ತಲಲ್ಲಿ ನಾನು ಪಾತ್ರೆ ತಿಕ್ಕುತ್ತ ಗುನುಗುವುದನ್ನು ಟೀಚರಮ್ಮ ಕೇಳಿದ್ದರು. ಅತ್ತೆಯ ಮುಂದೆ ಹೋಗಿ ನನ್ನನ್ನು ನಾಟಕಕ್ಕೆ ಕಳಿಸಿ ಎಂದು ಕೇಳಿಯೇಬಿಟ್ಟರು.

ಅತ್ತೆ ಸೀರೆ ಮಡಿಸುತ್ತಿದ್ದರು. ತಲೆ ಎತ್ತದೆ, "ಏನ್ ಪಾತ್ರ?" ಎಂದರು.

"ರಾಣಿ, ಅತ್ತೆ. ಕೋಟೆ ಕಾಯ್ದ ರಾಣಿ," ಎಂದೆ.

"ಹೆಂಗಸ್ರು ಮಾತ್ರ ನೋಡೋದಾ?"

"ಹೆಂಗಸರು ಮಾತ್ರ."

ಅವರು ಇನ್ನೊಂದು ಸೀರೆ ಮಡಿಸಿದರು. "ಸರಿ. ಒಂದು ಸಲ ಆ ಹಾಡಿನ ಪೆಟ್ಟಿಗೆ ಕೆಳಗಿಳೀಲಿ. ಸಭೇಲಿ ತಡವರಿಸಿ, ನಾಕು ಜನ ನಗೋ ಹಂಗೆ ಮಾಡಿದ್ಯೋ, ಮತ್ತೆ ಅಟ್ಟಕ್ಕೆ. ಆಮೇಲೆ ಹಾಡು ಗೀಡು ಅಂತ ನನ್ನ ಮುಂದೆ ಬರಬ್ಯಾಡ."

ಬರೀ ನಾಟಕದ ಮಾತಾಗಿರಲಿಲ್ಲ ಅದು. ಸರಿಯಾಗಿ ಹಾಡಿದರೆ ನನ್ನ ಹಾರ್ಮೋನಿಯಂ ಕೆಳಗೆ ಉಳಿಯುತ್ತದೆ, ಎಡವಿದರೆ ಸಾಯುವ ತನಕ ರುಬ್ಬುವ ಕಲ್ಲಿನ ಸದ್ದೇ ನನ್ನ ಸಂಗೀತ. ಹಾರ್ಮೋನಿಯಂ ಇಳಿಸಿ ಧೂಳು ಒರೆಸುವಾಗ ಅಳು ಬಂತು. ಜಿರಲೆಯೊಂದು ಒಳಗಿಂದ ಓಡಿ ಬಂದು ಅಳು ನಿಲ್ಲಿಸಿತು.

ಆಮೇಲಿನ ದಿನಗಳ ಸಂಭ್ರಮವೇ ಸಂಭ್ರಮ. ಒಪೆರಾದ ಗಾಳಿ ನಮಗೆಲ್ಲ ಬಡಿದಿತ್ತು. ಸಿಸ್ಟರ್ ಸೂಜಿ ಚುಚ್ಚುವಾಗಲೂ ಹಾಡುತ್ತಿದ್ದಾರೆಂದು ಸುದ್ದಿ ಬಂತು. ಅಕ್ಕ ಜೀಪು ನಿಲ್ಲಿಸಿ, "ದಾರಿ ಬಿಡೂ, ದಾರಿ ಬಿಡೂ" ಎಂದು ಎಮ್ಮೆಗೆ ಮೋಹನ ರಾಗ ಕೇಳಿಸಿದರಂತೆ. ನಾನೂ ಒಂದು ಬೆಳಿಗ್ಗೆ ಕಲ್ಯಾಣಿಯಲ್ಲಿ, "ಅತ್ತೇ, ಹಾಲು ಉಕ್ಕುತಿದೇ" ಎಂದು ಸಾವಕಾಶವಾಗಿ ಆಲಾಪ ಮಾಡಿದೆ. ಆಲಾಪ ಮುಗಿಯುವುದರೊಳಗೆ ಹಾಲು ಒಲೆಯ ಪಾಲಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಪಲ್ಲವಿಗೇ ಹಾಲು ಹೋಯ್ತು, ಚರಣಕ್ಕೆ ಮನೆ ಹೋದೀತು" ಎಂದರು. ಅವರ ತುಟಿಯ ತುದಿ ಅಲುಗಿದಂತೆ ಕಂಡಿತು, ಆದರೆ ಖಂಡಿತ ಹೇಳಲಾರೆ.

ಟೀಚರಮ್ಮ ಹಾಡುಗಳನ್ನು ಒಂದೊಂದಾಗಿ ಕಲಿಸುತ್ತಿದ್ದರು. ರಾಣಿಯ ಕೊನೆಯ ಹಾಡು ಬಂದದ್ದು ಎಲ್ಲದರ ಕೊನೆಗೆ. ಅಲ್ಲಿಯ ತನಕ ಎಲ್ಲ ಹಾಡಿನಲ್ಲೂ ಅವಳು ಬರೀ 'ರಾಣಿ'. ಕೋಟೆಯ ಬಾಗಿಲಲ್ಲಿ ಶತ್ರುವಿನ ದೂತ ನಿಂತು "ಯಾರು ನೀನು?" ಎಂದು ಕೇಳುತ್ತಾನೆ. ರಾಣಿ ತನ್ನ ಹೆಸರು ಹೇಳುತ್ತಾಳೆ. ಅಷ್ಟೇ. ಆ ಒಂದು ಹೆಸರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಮೇಲಿನ ಷಡ್ಜದಲ್ಲಿ ನಿಲ್ಲಿಸಬೇಕು, ಅದೇ ಇಡೀ ಆಟದ ಕಳಶ. ಟೀಚರಮ್ಮ ಕಣ್ಣು ಮುಚ್ಚಿ ಅದನ್ನು ಹಾಡಿ ತೋರಿಸಿದರು. ಅಯ್ಯೋ, ಅದೇ ಹಂಡೆಯ ಮೇಲಿನ ಹೆಸರು!

"ಹಾಡು," ಎಂದರು.

"ಆಗಲ್ಲ," ಎಂದೆ.

"ಯಾಕೆ?"

ಯಾಕೆ ಎಂದು ಹೇಳುವುದಕ್ಕೂ ಹೆಸರು ಬೇಕಲ್ಲ! ಬಿಸಿತುಪ್ಪ ಬಾಯಲ್ಲಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಮೂವರನ್ನೂ ಎಳೆದುಕೊಂಡು ನಮ್ಮ ಹಿತ್ತಲಿಗೆ ಬಂದು ಹಂಡೆ ತೋರಿಸಿದೆ. ಮೂವರೂ ಬಗ್ಗಿ ಓದಿದರು. ಓದಿ ಒಬ್ಬರ ಮುಖ ಒಬ್ಬರು ನೋಡಿದರು.

ಅಂಗಡಿಯ ಕಡೆಯಿಂದ ಅತ್ತೆಯ ಕೂಗು ಬಂತು, "ಏನ್ರೇ ಅದು? ಹಂಡೆ ತೂತು ಬಿದ್ದೈತಾ?"

"ಇಲ್ಲ ಅತ್ತೆ, ಬೆಳಗಿದ್ದು ಚೆನ್ನಾಗಿದೆ ಅಂತ ನೋಡ್ತಿದ್ದಾರೆ!"

ಟೀಚರಮ್ಮನ ಕೋಣೆಯಲ್ಲಿ ಪಿಸುಮಾತಿನ ಪಂಚಾಯಿತಿ ಸೇರಿತು. ಸಿಸ್ಟರ್ ಮೊದಲು, "ಎಂದಾ ಇದು ಮೋಳೇ, ಏನಿದು ಮಗಳೇ! ನನ್ನ ಗಂಡನ ಹೆಸರು ನಾನು ದಿನಾ ನೂರು ಸಲ ಕೂಗ್ತೇನೆ. ಅವನಿಗೆ ಏನೂ ಆಗ್ಲಿಲ್ಲ. ಕಿವಿ ಮಾತ್ರ ಕೇಳೋದಿಲ್ಲ," ಎಂದರು.

"ನಿಮ್ಮಲ್ಲಿ ಮದುವೆ ದಿನ ಗಂಡನ ಹೆಸರನ್ನ ಪದದಲ್ಲಿ ಸೇರಿಸಿ ಹೇಳಿಸ್ತಾರಲ್ಲ? ಹಾಡಿನಲ್ಲಿ ಹೇಳಿದ್ರೆ ದೋಷ ಇಲ್ಲ ಮಾರಾಯ್ತಿ," ಎಂದರು ಅಕ್ಕ.

"ಅದು ಗಂಡನಿಗೆ. ಅತ್ತೆಗೆ ಅಂಥ ಸವಲತ್ತು ಇಟ್ಟಿಲ್ಲ," ಎಂದೆ.

"ಬರೀ 'ರಾಣಿ' ಅಂತ ಹಾಡಿದ್ರೆ?" ಎಂದು ನಾನೇ ಕೇಳಿದೆ.

ಟೀಚರಮ್ಮನಿಗೆ ನಖಶಿಖಾಂತ ಉರಿಯಿತು. "ಏನಮ್ಮ ನೀನು! ರಾಣಿಯರು ಸಾವಿರ ಜನ ಇದ್ದರು. ಇವಳೊಬ್ಬಳ ಹೆಸರು ಉಳಿದಿದೆ. ಅದನ್ನೂ ನೀನು ನುಂಗಿದರೆ ಇನ್ನೇನು ಉಳೀತು?"

ಮಾತು ಸರಿಯಾಗಿತ್ತು, ಆದರೆ ಅಟ್ಟ ಹತ್ತುವುದು ನನ್ನ ಹಾರ್ಮೋನಿಯಂ. ರಾಣಿಯ ಪಾತ್ರವನ್ನು ಅಕ್ಕನಿಗೆ ಕೊಟ್ಟು ನೋಡಿದರು. ಮೇಲಿನ ಷಡ್ಜ ಮುಟ್ಟುವಾಗ ಅವರ ದನಿ ಗೇರ್ ಬದಲಿಸುವ ಜೀಪಿನಂತಾಯಿತು, ಅವರೇ ನಕ್ಕು ಕೈಬಿಟ್ಟರು. ಕೊನೆಗೊಂದು ರಾಜಿಯಾಯಿತು. ಆ ಜಾಗ ಬಂದಾಗ ನಾನು ಬರೀ 'ಆ' ಎಂದು ಸ್ವರ ಏರಿಸುವುದು, ಉಳಿದ ಮೂವರೂ ನನ್ನ ಹಿಂದಿನಿಂದ ಹೆಸರನ್ನು ಹಾಡುವುದು. ಅತ್ತೆ ಕೇಳಿಸಿಕೊಂಡರೂ ನನ್ನ ಬಾಯಿಂದ ಬಂದಂತಾಗುವುದಿಲ್ಲ. ಅಭ್ಯಾಸದಲ್ಲಿ ಬಲು ಸೊಗಸಾಗಿ ಬಂತು. ನಾಲ್ವರೂ ಚಪ್ಪಾಳೆ ತಟ್ಟಿಕೊಂಡೆವು.

ಆಟದ ದಿನ ಮಧ್ಯಾಹ್ನ ಸಮಾಜದ ಕೋಣೆ ತುಂಬಿ ತುಳುಕಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ಹೆಂಡತಿಯರು, ತೋಟದ ಮನೆಯವರು, ವಿರಾಜಪೇಟೆಯಿಂದ ಬಸ್ಸಿಗೆ ಬಂದ ಅಕ್ಕನ ನೆಂಟರು, ಲೈನಿನ ಹೆಂಗಸರು ಕಂಕುಳಲ್ಲಿ ಕೂಸು ಇಟ್ಟುಕೊಂಡು. ಮುಂದಿನ ಸಾಲಿನ ನಟ್ಟನಡುವೆ ನಮ್ಮತ್ತೆ. ಅಂಗಡಿಗೆ ಬೀಗ ಹಾಕಿ ಬಂದಿದ್ದರು! ಮಾವ ತೀರಿಕೊಂಡಾಗ ಬಿಟ್ಟರೆ ಆ ಅಂಗಡಿ ಹಗಲು ಹೊತ್ತು ಮುಚ್ಚಿದ್ದನ್ನು ಊರು ಕಂಡಿರಲಿಲ್ಲ. ಪರದೆಯ ಸಂದಿಯಿಂದ ಅವರನ್ನು ನೋಡಿ, ಸಂದಿಯನ್ನು ಮುಚ್ಚಿಬಿಟ್ಟೆ.

ಆಟ ಶುರುವಾಯಿತು. ಶಾಲೆಯವಳ ಮೇಲೆ ಊರ ಜನ ಕೆಸರೆರಚಿದ ಹಾಡು ಬಂದಾಗ ಲೈನಿನ ಮುದುಕಿಯೊಬ್ಬಳು ಎದ್ದು ತಮಿಳಿನಲ್ಲಿ ಆ ಜನಕ್ಕೆ ಶಾಪ ಹಾಕಿದಳು. ಡಾಕ್ಟರು ಬಂದಾಗ ಯಾರೋ ಕೂಸಿನ ಕೆಮ್ಮಿಗೆ ಔಷಧಿ ಕೇಳಿದರು, ಸಿಸ್ಟರ್ ತಾಳ ತಪ್ಪದೆ "ನಾಳೆ ಬಾ, ನಾಳೆ ಬಾ" ಎಂದು ಹಾಡಿಬಿಟ್ಟರು. ಶರಣೆ ಅರಮನೆ ಬಿಟ್ಟಾಗ ನಮ್ಮತ್ತೆ ಕೈಮುಗಿದರು. ಆಮೇಲೆ ನಾನು ಬಂದೆ, ಅತ್ತೆಯ ಅಂಗಡಿಯದೇ ಜರಿ ಸೀರೆಯುಟ್ಟು, ರಟ್ಟಿನ ಕತ್ತಿ ಹಿಡಿದು. ಮೊದಲ ಹಾಡು ಚೆನ್ನಾಗಿ ಬಂತು. ಎರಡನೆಯದು ಅದಕ್ಕಿಂತ ಚೆನ್ನಾಗಿ ಬಂತು. ನನ್ನ ದನಿ ನನಗೇ ಇಷ್ಟವಾಗುತ್ತಿತ್ತು.

ದೂತನ ಪಾತ್ರವೂ ಅಕ್ಕನದೇ, ಮೀಸೆ ಅಂಟಿಸಿಕೊಂಡು. "ಯಾರು ನೀನೂ?" ಎಂದು ಹಾಡಿ ಸರಿದು ನನ್ನ ಹಿಂದೆ ನಿಂತರು. ನಾನು ಉಸಿರೆಳೆದು 'ಆ' ಎಂದು ಸ್ವರ ಏರಿಸಿದೆ. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಹಿಂದಿನಿಂದ ಹೆಸರು ಬರಬೇಕಿತ್ತು. ಬರಲಿಲ್ಲ.

ನಡೆದದ್ದಿಷ್ಟು. ಮುಂದಿನ ಸಾಲಿನ ಆ ಕಣ್ಣನ್ನು ಮೂವರೂ ನೋಡಿದ್ದರು. ಅಂಗಡಿ ಅಮ್ಮನ ಹೆಸರನ್ನು ಅವರ ಮುಖದ ಮೇಲೇ ಕೂಗುವುದು ಹೇಗೆ, ತಾನೊಬ್ಬಳು ಬಾಯಿ ಮುಚ್ಚಿಕೊಂಡರೆ ಏನಂತೆ, ಉಳಿದಿಬ್ಬರು ಹಾಡುತ್ತಾರೆ ಎಂದು ಮೂವರೂ ಅಂದುಕೊಂಡರು. ದಿನಾ ನೂರು ಸಲ ಗಂಡನ ಹೆಸರು ಕೂಗುವ ಸಿಸ್ಟರೂ ಅಷ್ಟೆ. ಇತಿಹಾಸ ಇತಿಹಾಸ ಎಂದು ನನ್ನನ್ನು ಗದರಿದ ಟೀಚರಮ್ಮ ಹಾರ್ಮೋನಿಯಂಗೆ ಗಾಳಿ ಹಾಕುತ್ತ ಮಾಡಿನ ಹಂಚು ನೋಡುತ್ತಿದ್ದರು. ನನ್ನ 'ಆ' ನಡುಹಾದಿಯಲ್ಲಿ ಒಂಟಿಯಾಗಿ, ತಡವರಿಸಿ, ನಿಂತೇಹೋಯಿತು. ಹಾರ್ಮೋನಿಯಂ ಒಂದೇ ಗುಂಯ್ ಎನ್ನುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ಒಂದು ನಗು ಸಾಕಾಗಿತ್ತು. ನನ್ನ ಕಣ್ಣ ಮುಂದೆ ಅಟ್ಟದ ಏಣಿ ಬಂದು ನಿಂತಿತು.

ಅತ್ತೆ ಎದ್ದು ನಿಂತರು.

"ಯಾಕ್ರೇ ನಿಲ್ಸಿದ್ರಿ? ಬಾಗ್ಲಲ್ಲಿ ಶತ್ರು ನಿಂತವ್ನೆ, ಯಾರು ನೀನು ಅಂತ ಕೇಳ್ತಾವ್ನೆ. ಹೆಸ್ರು ಹೇಳಕ್ಕೆ ನಿಮಗೇನು ದಾಡಿ?"

"ಅತ್ತೆ... ಅದು... ಆ ರಾಣಿಯ ಹೆಸರು..." ಎಂದೆ.

"ಗೊತ್ತು ಬುಡು. ಆ ರಾಣಿ ಕಥೆ ಕೇಳೇ ನಮ್ಮಜ್ಜ ನನಗೆ ಆ ಹೆಸ್ರು ಇಟ್ಟಿದ್ದು." ಅವರು ಸಭೆಯ ಕಡೆ ತಿರುಗಿ, ಗಿರಾಕಿಗೆ ಸೀರೆಯ ಬೆಲೆ ಹೇಳುವಷ್ಟೇ ಸಲೀಸಾಗಿ, ತಮ್ಮ ಹೆಸರನ್ನು ತಾವೇ ಹೇಳಿದರು. ಕೋಣೆಯಲ್ಲಿ ಒಂದು ಕೂಸೂ ಅಳಲಿಲ್ಲ. ಆಮೇಲೆ ದನಿ ಸ್ವಲ್ಪ ಇಳಿಯಿತು. "ಈ ಊರಿಗೆ ಬಂದ್ಮೇಲೆ ಆ ಹೆಸ್ರು ಹಿಡಿದು ನನ್ನನ್ನ ಒಬ್ರೂ ಕರೀಲಿಲ್ಲ. ಕರೆಯೋರೆಲ್ಲ ತವರಲ್ಲೇ ಇದ್ರು, ಅವರೂ ಹೋದ್ರು. ಈಗ ಹಂಡೆ ಮೇಲೆ ಐತೆ, ಅಷ್ಟೆ. ಹಾಡೇ ಹುಡ್ಗಿ. ನಾಕು ಜನ ಕೇಳ್ಲಿ."

ಹೇಳಿ ಕುಳಿತರು. ಸೆರಗನ್ನು ಸರಿಮಾಡಿಕೊಂಡರು.

ನಾನು ಹಾಡಿದೆ. ಮೊದಲ ಅಕ್ಷರಕ್ಕೆ ನಾಲಗೆ ಎಳೆಯಿತು, ಹಿರಿಯರ ಶಾಪ ಈಗ ತಟ್ಟೀತು, ಆಗ ತಟ್ಟೀತು ಎಂದು ಕಿವಿ ಕಾಯುತ್ತಿತ್ತು. ಏನೂ ಆಗಲಿಲ್ಲ. ಎರಡನೇ ಮೆಟ್ಟಿಲಿಗೆ ಧೈರ್ಯ ಬಂತು. ಹಿಂದಿನ ಮೂವರು ಹೇಡಿಗಳೂ ಈಗ ಎಲ್ಲಿಲ್ಲದ ಶೌರ್ಯದಿಂದ ಸೇರಿಕೊಂಡರು. ಅತ್ತೆಯ ಹೆಸರು ಮೇಲಿನ ಷಡ್ಜಕ್ಕೆ ಏರಿ, ಆ ಹಳೇ ಗೋದಾಮಿನ ಮಾಡಿಗೆ ತಾಗಿ ನಿಂತಿತು. ನಾನು ಅಳುತ್ತಿದ್ದೆ, ಆದರೂ ಸ್ವರ ಬಿಡಲಿಲ್ಲ. ಕೆಳಗೆ ಅತ್ತೆ ಕಣ್ಣು ಮುಚ್ಚಿದ್ದರು. ಯಾರೋ ಬಹಳ ದೂರದಿಂದ ಕರೆಯುತ್ತಿರುವಾಗ ಕಿವಿಗೊಡುತ್ತೇವಲ್ಲ, ಹಾಗಿತ್ತು ಅವರ ಮುಖ.

ಆಟ ಮುಗಿಸಿ ಮನೆಗೆ ಬಂದೆವು. ಹಾರ್ಮೋನಿಯಂ ಹೊತ್ತು ತಂದ ನಮ್ಮ ಯಜಮಾನರು ಅಟ್ಟದ ಏಣಿಯ ಹತ್ತಿರ ನಿಂತು ತಾಯಿಯ ಮುಖ ನೋಡಿದರು. "ಅಲ್ಲೆಲ್ಲಿಗೆ? ನಡುಮನೇಲಿ ಇಡು. ಜಿರಲೆ ಸೇರ್ಕೊಳ್ತವೆ," ಎಂದು ಅತ್ತೆ ಅಂಗಡಿಯ ಬೀಗ ತೆಗೆಯಲು ಹೋದರು.

ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ರುಬ್ಬುತ್ತಿದ್ದೆ. ಅಂಗಡಿಯ ಕಡೆಯಿಂದ ಅತ್ತೆ ಯಾರನ್ನೋ ಹೆಸರು ಹಿಡಿದು ಕೂಗಿದರು. ಕಿವಿಗೆ ಹಾಕಿಕೊಳ್ಳದೆ ರುಬ್ಬುತ್ತಲೇ ಇದ್ದೆ. ಇನ್ನೊಂದು ಸಲ ಕೂಗಿದರು, ಇನ್ನೂ ಜೋರಾಗಿ, ಬೀದಿಗೆಲ್ಲ ಕೇಳುವಂತೆ. ಯಾರಪ್ಪ ಇದು, ನಮ್ಮ ಮನೆಯಲ್ಲಿ ಈ ಹೆಸರಿನವಳು ಯಾರಿದ್ದಾಳೆ ಎಂದು ಕೈ ನಿಲ್ಲಿಸಿ ಹಿಂದೆ ತಿರುಗಿ ನೋಡಿದೆ. ಹಿತ್ತಲಲ್ಲಿ ನಾನೊಬ್ಬಳೇ ಇದ್ದೆ.